ಪಂಪಿನ ಸ್ಟೆರಾಯ್ಡ್, ಗುಳಿಗೆಯ ಸ್ಟೆರಾಯ್ಡ್, ಮೈಯೊಳಗಿನ ಸ್ಟೆರಾಯ್ಡ್: ಬ್ಯಾಡಗಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 46 ವರ್ಷ, ಊರು ಬ್ಯಾಡಗಿ. ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಬಹಳ ವರ್ಷಗಳಿಂದ ದಮ್ಮು ಇದೆ. ಡಾಕ್ಟರು ಪಂಪು ಬರೆದುಕೊಟ್ಟಿದ್ದಾರೆ, ಆದರೆ ಅದರಲ್ಲಿ ಸ್ಟೆರಾಯ್ಡ್ ಇದೆ, ಚಟವಾಗುತ್ತದೆ ಎಂದು ಮನೆಯವರು ಹೇಳುವುದರಿಂದ ಸ್ವಲ್ಪ ಹಗುರಾದ ಕೂಡಲೇ ಬಿಟ್ಟುಬಿಡುತ್ತೇನೆ. ಮುಟ್ಟಿಗೆ ಮೂರು ನಾಲ್ಕು ದಿನ ಮೊದಲು ದಮ್ಮು ಹೆಚ್ಚಾಗುತ್ತದೆ. ಈಗೊಂದು ವರ್ಷದಿಂದ ಮುಟ್ಟು ಏರುಪೇರಾಗಿದೆ, ನೆಗಡಿ ಬಂದರೆ ನೇರ ಎದೆಗೇ ಇಳಿಯುತ್ತದೆ. ಆಗ ಮೆಡಿಕಲ್ ಶಾಪಿನವರು ಕೊಡುವ ಸಣ್ಣ ಬಿಳಿ ಗುಳಿಗೆ ನುಂಗಿದರೆ ಎರಡೇ ದಿನದಲ್ಲಿ ಆರಾಮಾಗುತ್ತದೆ. ಅದೂ ಸ್ಟೆರಾಯ್ಡೇ ಅಂತೆ. ನಮ್ಮ ಮೈದುನ 2021ರಲ್ಲಿ ಕೊರೊನಾ ಬಂದಾಗ ಮನೆಯಲ್ಲೇ ಸ್ಟೆರಾಯ್ಡ್ ತೆಗೆದುಕೊಂಡು, ಆಮೇಲೆ ಕಪ್ಪು ಶಿಲೀಂಧ್ರವಾಗಿ ಒಂದು ಕಣ್ಣು ಕಳೆದುಕೊಂಡರು. ಸ್ಟೆರಾಯ್ಡ್ ಒಳ್ಳೆಯದೋ ಕೆಟ್ಟದ್ದೋ? ಹೆಂಗಸರ ಹಾರ್ಮೋನಿಗೂ ದಮ್ಮಿಗೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಪಂಪಿನಲ್ಲಿರುವುದು, ಅಂಗಡಿಯ ಗುಳಿಗೆಯಲ್ಲಿರುವುದು, ನಿಮ್ಮ ಮೈದುನರು ತೆಗೆದುಕೊಂಡದ್ದು ಮತ್ತು ತಿಂಗಳು ತಿಂಗಳು ನಿಮ್ಮ ಅಂಡಾಶಯ ಸ್ರವಿಸುವುದು, ಈ ನಾಲ್ಕೂ ಒಂದೇ ಕುಲಕ್ಕೆ ಸೇರಿದ ವಸ್ತುಗಳು. ಆದರೂ ಶ್ವಾಸಕೋಶದ ಮೇಲೆ ಅವು ಮಾಡುವ ಕೆಲಸ ಬೇರೆ ಬೇರೆ, ಮತ್ತು ಒಂದೇ ವಸ್ತು ರೋಗದ ಬೇರೆ ಬೇರೆ ದಿನಗಳಲ್ಲಿ ಮಾಡುವ ಕೆಲಸವೂ ಬೇರೆ. ವಿವರಕ್ಕೆ ಹೋಗುವ ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ಪಂಪನ್ನು ಬಿಡಬೇಡಿ. ನೆಗಡಿ ಬಂದಾಗಲೆಲ್ಲ ಅಂಗಡಿಯಿಂದ ಆ ಗುಳಿಗೆ ತರುವುದನ್ನು ನಿಲ್ಲಿಸಬೇಕು. ಆದರೆ ಈಗಾಗಲೇ ಅದನ್ನು ವಾರಗಟ್ಟಲೆ ನುಂಗುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕೊಲೆಸ್ಟೆರಾಲಿನಿಂದ ನಮ್ಮ ದೇಹವೇ ತಯಾರಿಸಿಕೊಳ್ಳುವ ಹಾರ್ಮೋನುಗಳ ಒಂದು ದೊಡ್ಡ ಗುಂಪಿಗೆ ಸ್ಟೆರಾಯ್ಡ್ ಹಾರ್ಮೋನುಗಳೆಂದು ಹೆಸರು. ಎರಡೂ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಕೊಡುತ್ತವೆ. ಅಂಡಾಶಯವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಕೊಡುತ್ತದೆ. ಗಂಡಸರ ವೃಷಣ ಟೆಸ್ಟೋಸ್ಟಿರಾನ್ ಕೊಡುತ್ತದೆ. ನಿಮ್ಮ ಪಂಪು ಮತ್ತು ಗುಳಿಗೆಯಲ್ಲಿರುವುದು ಕಾರ್ಟಿಸಾಲ್‌ನ ಮಾದರಿಯಲ್ಲಿ ಕಾರ್ಖಾನೆಯಲ್ಲಿ ತಯಾರಾದ ಔಷಧ. ಇವೆಲ್ಲ ಜೀವಕೋಶದ ಒಳಗೆ ಹೋಗಿ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಬದಲಿಸುತ್ತವೆ. ಈ ಬದಲಾವಣೆಗೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಆದ್ದರಿಂದಲೇ ಉಸಿರು ಕಟ್ಟಿದಾಗ ತೆಗೆದುಕೊಳ್ಳುವ ಸಾಲ್ಬುಟಮಾಲ್ ಪಂಪಿನಂತೆ ಸ್ಟೆರಾಯ್ಡ್ ಪಂಪು ಐದು ನಿಮಿಷದಲ್ಲಿ ಹಗುರ ಮಾಡುವುದಿಲ್ಲ. ತೆಗೆದುಕೊಂಡರೂ ಏನೂ ಆಗಲಿಲ್ಲವೆಂದು ಜನ ಬಿಟ್ಟುಬಿಡುವುದಕ್ಕೆ ಇದೇ ದೊಡ್ಡ ಕಾರಣ. ಆರಾಮಾದ ಕೂಡಲೇ ಬಿಡುವುದರಲ್ಲೂ ಇದೇ ತೊಡಕಿದೆ. ಬಿಟ್ಟ ಮರುದಿನವೇ ಏನೂ ಆಗದ ಕಾರಣ ಬಿಟ್ಟದ್ದು ಸರಿಯಾಯಿತು ಅನಿಸುತ್ತದೆ, ಆದರೆ ಶ್ವಾಸನಾಳದ ಒಳಪದರದಲ್ಲಿ ಊತ ಸದ್ದಿಲ್ಲದೆ ಮತ್ತೆ ಬೆಳೆಯುತ್ತಿರುತ್ತದೆ.

ಸ್ಟೆರಾಯ್ಡ್ ಎಂದರೆ ಶ್ವಾಸಕೋಶಕ್ಕೆ ಹೊರಗಿನ ವಸ್ತುವೇನಲ್ಲ. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಉಸಿರಾಟಕ್ಕೆ ಸಿದ್ಧವಾಗುವುದೇ ಕಾರ್ಟಿಸಾಲ್‌ನ ಸೂಚನೆಯಿಂದ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆ ಗಾಳಿಗೂಡುಗಳು ಅಂಟಿಕೊಂಡುಬಿಡಬಾರದೆಂದು ಅವುಗಳ ಒಳಗೆ ಸರ್ಫ್ಯಾಕ್ಟಂಟ್ ಎಂಬ ತೆಳುವಾದ ಲೇಪ ಇರುತ್ತದೆ. ದಿನ ತುಂಬುವ ಹೊತ್ತಿಗೆ ಕಾರ್ಟಿಸಾಲ್ ಏರಿ ಆ ಲೇಪವನ್ನು ಹೆಚ್ಚಿಸುತ್ತದೆ. ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ 1960ರ ದಶಕದ ಕೊನೆಯಲ್ಲಿ ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಸ್ಟೆರಾಯ್ಡ್ ಪಡೆದ ಮರಿಗಳು ಬಹಳ ಮುಂಚೆ ಹುಟ್ಟಿದರೂ ಉಸಿರಾಡಿದ್ದನ್ನು ಕಂಡರು. 1972ರಲ್ಲಿ ಹಾವಿ ಎಂಬ ವೈದ್ಯರೊಂದಿಗೆ ಸೇರಿ, ಅವಧಿಗೆ ಮೊದಲೇ ಹೆರಿಗೆಯಾಗುವ ತಾಯಂದಿರಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಕ್ಕಳು ಉಳಿಯುತ್ತವೆಂದು ತೋರಿಸಿದರು. ಇಂದು ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ಇದೇ ಕೆಲಸಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಬಳಸುತ್ತಾರೆ. ಅಂದಹಾಗೆ, ಅವಧಿಗೆ ಮೊದಲು ಹುಟ್ಟಿದ ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗಿಂತ ಉಸಿರಾಟದ ತೊಂದರೆ ಹೆಚ್ಚು, ಏಕೆಂದರೆ ಗಂಡು ಹಾರ್ಮೋನುಗಳು ಆ ಲೇಪದ ತಯಾರಿಯನ್ನು ತುಸು ತಡಮಾಡುತ್ತವೆ. ಶ್ವಾಸಕೋಶದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಗರ್ಭದಲ್ಲೇ ಶುರುವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇದೇ ಔಷಧದ ಕಥೆಯಲ್ಲಿ ಇನ್ನೊಂದು ಭಾಗವಿದೆ, ಅದು ನಮ್ಮ ಪಕ್ಕದ ಬೆಳಗಾವಿಗೂ ಸಂಬಂಧಪಟ್ಟದ್ದು. ಇಷ್ಟು ಒಳ್ಳೆಯ ಔಷಧ ಹಳ್ಳಿಹಳ್ಳಿಗೂ ಮುಟ್ಟಲಿ ಎಂದು, ಬೆಳಗಾವಿ ಮತ್ತು ನಾಗಪುರವೂ ಸೇರಿದಂತೆ ಆರು ದೇಶಗಳ ಗ್ರಾಮೀಣ ಭಾಗಗಳಲ್ಲಿ ಎಲ್ಲ ಹಂತದ ಆರೋಗ್ಯ ಕಾರ್ಯಕರ್ತರ ಮೂಲಕ ಅದನ್ನು ಕೊಡಿಸಿದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2014ರ ಕೊನೆಗೆ ಪ್ರಕಟವಾಯಿತು. ಎಲ್ಲರೂ ನಿರೀಕ್ಷಿಸಿದ್ದು ಆಗಲಿಲ್ಲ. ಔಷಧ ಹಬ್ಬಿಸಿದ ಕಡೆ ಸಾವಿರ ಮಕ್ಕಳಿಗೆ ಸುಮಾರು 27 ನವಜಾತ ಸಾವುಗಳಾದರೆ, ಹಬ್ಬಿಸದ ಕಡೆ ಸುಮಾರು 24 ಆದವು. ತಾಯಂದಿರಲ್ಲಿ ಸೋಂಕಿನ ಲಕ್ಷಣಗಳೂ ಹೆಚ್ಚಿದ್ದವು. ಎಷ್ಟು ವಾರದ ಗರ್ಭ ಎಂಬುದು ಖಚಿತವಿಲ್ಲದೆ, ಅವಧಿ ತುಂಬಿಯೇ ಹೆರಿಗೆಯಾಗಲಿದ್ದ ಅನೇಕರಿಗೂ ಔಷಧ ಹೋಗಿತ್ತು. ಮುಂದೆ 2020ರಲ್ಲಿ, ಸ್ಕ್ಯಾನಿಂಗ್ ಮಾಡಿ ವಾರಗಳನ್ನು ಖಚಿತಪಡಿಸಿಕೊಂಡು, ಸೋಂಕಿಲ್ಲದ ತಾಯಂದಿರಿಗೆ, ಒಳ್ಳೆಯ ಆರೈಕೆಯಿರುವ ಆಸ್ಪತ್ರೆಗಳಲ್ಲಿ ಮಾತ್ರ ಅದೇ ಔಷಧ ಕೊಟ್ಟು ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ನವಜಾತ ಸಾವು 23.5 ಪ್ರತಿಶತದಿಂದ 19.6 ಪ್ರತಿಶತಕ್ಕೆ ಇಳಿಯಿತು. ಔಷಧ ಅದೇ, ಪ್ರಮಾಣವೂ ಹೆಚ್ಚುಕಡಿಮೆ ಅದೇ. ಯಾರಿಗೆ, ಯಾವ ದಿನ, ಎಂಥ ಕಡೆ ಕೊಟ್ಟರು ಎಂಬುದಷ್ಟೇ ಬದಲಾಗಿತ್ತು. ಒಳ್ಳೆಯದೋ ಕೆಟ್ಟದ್ದೋ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ವೈರಸ್ಸಿನ ವಿಷಯಕ್ಕೆ ಬರೋಣ. ನೆಗಡಿಯ ರೈನೊವೈರಸ್ ಇರಲಿ, ಫ್ಲೂ ಇರಲಿ, ಕೊರೊನಾ ಇರಲಿ, ಮೊದಲ ಕೆಲವು ದಿನ ವೈರಸ್ಸು ಮೂಗು, ಗಂಟಲು, ಶ್ವಾಸನಾಳದ ಒಳಪದರದಲ್ಲಿ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುತ್ತದೆ. ಸೋಂಕು ತಗಲಿದ ಜೀವಕೋಶಗಳು ಇಂಟರ್‌ಫೆರಾನ್ ಎಂಬ ವಸ್ತುವನ್ನು ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ, ಮತ್ತು ಜ್ವರ, ಮೈಕೈ ನೋವು, ಸುಸ್ತು ಬಹುಮಟ್ಟಿಗೆ ಈ ಹೋರಾಟದ ಲಕ್ಷಣಗಳೇ. ಸ್ಟೆರಾಯ್ಡ್ ಗುಳಿಗೆ ಈ ಹಂತದಲ್ಲಿ ಇಂಟರ್‌ಫೆರಾನಿನ ಕೆಲಸವನ್ನೇ ತಗ್ಗಿಸುತ್ತದೆ. ಜ್ವರ ಇಳಿಯುತ್ತದೆ, ಮೈನೋವು ಹೋಗುತ್ತದೆ, ಹಸಿವೆಯೂ ಆಗುತ್ತದೆ, ರೋಗಿ ಗುಣವಾದೆನೆಂದು ತಿಳಿಯುತ್ತಾನೆ; ವೈರಸ್ಸು ಮಾತ್ರ ಕಡಿಮೆಯಾಗಿರುವುದಿಲ್ಲ, ಕೆಲವರಲ್ಲಿ ಇನ್ನಷ್ಟು ದಿನ ಉಳಿಯುತ್ತದೆ. ಬಹುತೇಕರಲ್ಲಿ ರೋಗ ಅಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಎರಡನೆಯ ವಾರದಲ್ಲಿ, ವೈರಸ್ಸು ಇಳಿಮುಖವಾಗಿದ್ದರೂ ರೋಗನಿರೋಧಕ ವ್ಯವಸ್ಥೆ ಹದ ಮೀರಿ ಕೆರಳಿ, ರಕ್ತನಾಳಗಳಿಂದ ನೀರು ಸೋರಿ ಗಾಳಿಗೂಡುಗಳಲ್ಲಿ ತುಂಬಿಕೊಂಡು ಆಮ್ಲಜನಕ ಕುಸಿಯುತ್ತದೆ. ಸ್ಟೆರಾಯ್ಡ್ ಜೀವ ಉಳಿಸುವುದು ಆ ಹಂತದಲ್ಲಿ.

2020ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಎಂಬ ಕೊರೊನಾ ಅಧ್ಯಯನ ಹೊರಗೆಡವಿದ ಅಂಕಿಗಳು ಇದನ್ನೇ ಹೇಳುತ್ತವೆ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಅನ್ನು ಗರಿಷ್ಠ ಹತ್ತು ದಿನ ಕೊಟ್ಟಾಗ, ವೆಂಟಿಲೇಟರಿನಲ್ಲಿದ್ದವರ ಸಾವು 41.4 ಪ್ರತಿಶತದಿಂದ 29.3ಕ್ಕೆ ಇಳಿಯಿತು, ಆಮ್ಲಜನಕ ಮಾತ್ರ ಬೇಕಾಗಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಲ್ಲಿ ಲಾಭ ಕಾಣಲಿಲ್ಲ. ಔಷಧ ಪಡೆಯದವರಲ್ಲಿ ಸಾವು 14 ಪ್ರತಿಶತವಿದ್ದರೆ ಪಡೆದವರಲ್ಲಿ 17.8 ಇತ್ತು. ನಿಮ್ಮ ಮೈದುನರು ಮನೆಯಲ್ಲೇ ತೆಗೆದುಕೊಂಡರು ಎಂದು ಬರೆದಿದ್ದೀರಿ. ಆಗ ಅವರಿಗೆ ಆಮ್ಲಜನಕದ ಕೊರತೆ ಇರಲಿಲ್ಲವಾದರೆ ಅವರು ಈ ಮೂರನೆಯ ಗುಂಪಿನವರು. ಜೊತೆಗೆ ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಶಿಲೀಂಧ್ರವನ್ನು ನುಂಗಿಹಾಕುವ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ. ಗೊತ್ತಿಲ್ಲದ ಸಕ್ಕರೆ ಕಾಯಿಲೆ ಮೊದಲೇ ಇದ್ದರಂತೂ ಮ್ಯೂಕರ್ ಎಂಬ ಈ ಕಪ್ಪು ಶಿಲೀಂಧ್ರಕ್ಕೆ ಮೂಗಿನಿಂದ ಕಣ್ಣಿನ ಕಡೆಗೆ ದಾರಿ ಸಲೀಸಾಗುತ್ತದೆ. 2021ರ ಬೇಸಿಗೆಯಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಇಂಥ ರೋಗಿಗಳು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಬಂದದ್ದನ್ನು ಈ ಭಾಗದ ವೈದ್ಯರಾರೂ ಮರೆತಿಲ್ಲ. ಅವರಲ್ಲಿ ಆಸ್ಪತ್ರೆಯಲ್ಲಿ ಸರಿಯಾಗಿಯೇ ಸ್ಟೆರಾಯ್ಡ್ ಪಡೆದು ಬದುಕುಳಿದವರೂ ಇದ್ದರು, ವಾಟ್ಸಾಪಿನಲ್ಲಿ ಬಂದ ಚೀಟಿ ನೋಡಿ ಮೊದಲ ದಿನದಿಂದಲೇ ನುಂಗಿದವರೂ ಇದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಫ್ಲೂ ಜ್ವರದ ಮಟ್ಟಿಗೆ ಇನ್ನೂ ಎಚ್ಚರ ಬೇಕು. 2009ರ ಎಚ್‌1ಎನ್‌1 ಹಾವಳಿಯ ನಂತರ ನಡೆದ ಹಲವು ಅವಲೋಕನಗಳಲ್ಲಿ ಸ್ಟೆರಾಯ್ಡ್ ಪಡೆದವರಲ್ಲೇ ಸಾವು ಮತ್ತು ಆಸ್ಪತ್ರೆಯಲ್ಲಿ ತಗಲುವ ಬೇರೆ ಸೋಂಕು ಹೆಚ್ಚಾಗಿ ಕಂಡಿವೆ. ಹೆಚ್ಚು ರೋಗ ಇದ್ದವರಿಗೇ ಔಷಧ ಕೊಟ್ಟಿರುವ ಸಾಧ್ಯತೆ ಇರುವುದರಿಂದ ತಪ್ಪನ್ನೆಲ್ಲ ಔಷಧದ ಮೇಲೆ ಹಾಕಲಾಗದು. ಆದರೂ ಉಬ್ಬಸದಂಥ ಬೇರೆ ಕಾರಣವಿಲ್ಲದೆ ಬರೀ ಫ್ಲೂಗೆಂದು ಸ್ಟೆರಾಯ್ಡ್ ಕೊಡಬಾರದು ಎಂಬುದು ಇಂದಿನ ಸಾಮಾನ್ಯ ನಿಲುವು. ಕೊರೊನಾದಲ್ಲಿ ಕೆಲಸ ಮಾಡಿತು ಎಂದು ಎಲ್ಲ ವೈರಸ್ಸಿಗೂ ಅದನ್ನೇ ಹಚ್ಚಲು ಬರುವುದಿಲ್ಲ.

ಹಾಗಾದರೆ ಪಂಪಿನಲ್ಲಿರುವ ಸ್ಟೆರಾಯ್ಡ್ ಏಕೆ ಬೇಕು ಎಂದು ನೀವು ಕೇಳಬಹುದು. ಪ್ರಮಾಣದ ಲೆಕ್ಕ ನೋಡಿ. ಬುಡೆಸೊನೈಡ್ ಎಂಬ ಸ್ಟೆರಾಯ್ಡಿನ ಪಂಪಿನಿಂದ ದಿನಕ್ಕೆ ಸಾಮಾನ್ಯವಾಗಿ 400 ಮೈಕ್ರೊಗ್ರಾಂ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ದಮ್ಮು ಜೋರಾದಾಗ ಬರೆಯುವ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಗುಳಿಗೆ 40 ಮಿಲಿಗ್ರಾಂ ಎಂದರೆ 40,000 ಮೈಕ್ರೊಗ್ರಾಂ, ತೂಕದಲ್ಲಿ ನೂರು ಪಟ್ಟು. ಪಂಪಿನ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಗಂಟಲಿಗೆ ಬಿದ್ದು ಹೊಟ್ಟೆಗಿಳಿದ ಪಾಲನ್ನು ಯಕೃತ್ತು ಬಹುಮಟ್ಟಿಗೆ ಒಡೆದುಹಾಕುತ್ತದೆ. ಚಟದ ಮಾತಿನಲ್ಲಿ ಹುರುಳಿಲ್ಲ. ಬಿಟ್ಟಾಗ ದಮ್ಮು ಮರಳುವುದು ರೋಗ ಇನ್ನೂ ಇರುವುದರಿಂದ. ಮಿಗಿಲಾಗಿ, ದಮ್ಮು ಕೆರಳಿಸುವ ಕಾರಣಗಳಲ್ಲಿ ನೆಗಡಿಯ ವೈರಸ್ಸೇ ಮೊದಲನೆಯದು. ಒಳಪದರ ಮೊದಲೇ ಊದಿಕೊಂಡಿದ್ದರೆ ಸಾದಾ ನೆಗಡಿಯೂ ಎದೆಗಿಳಿಯುತ್ತದೆ. ಊತ ಹತೋಟಿಯಲ್ಲಿದ್ದರೆ ಅದೇ ವೈರಸ್ಸು ಮೂಗಿನಲ್ಲೇ ನಾಲ್ಕು ದಿನ ಇದ್ದು ಹೋಗುತ್ತದೆ. ನಿಮಗೆ ನೆಗಡಿ ಎದೆಗೇ ಇಳಿಯುತ್ತಿರುವುದಕ್ಕೆ ನೀವು ಪಂಪನ್ನು ಬಿಟ್ಟು ಬಿಟ್ಟು ತೆಗೆದುಕೊಳ್ಳುವುದೇ ಮುಖ್ಯ ಕಾರಣವಿರಬೇಕೆಂದು ನನ್ನ ಅಭಿಪ್ರಾಯ. ಬೀಡಿ ಸೇದಿ ಅಥವಾ ಒಲೆಯ ಹೊಗೆ ಕುಡಿದು ಶ್ವಾಸಕೋಶ ಹಾಳಾದ ಹಿರಿಯರಲ್ಲಿ, ಅಂದರೆ ಸಿಒಪಿಡಿ ರೋಗಿಗಳಲ್ಲಿ, ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಪಂಪು ನ್ಯುಮೋನಿಯಾ ಸಂಭವವನ್ನು ತುಸು ಏರಿಸುತ್ತದೆ ಎಂಬುದು ನಿಜ. ಅವರ ಲೆಕ್ಕ ಬೇರೆ, ಅದನ್ನು ನಿಮಗೆ ಹಚ್ಚಿಕೊಳ್ಳಬೇಡಿ.

ಪಂಪು ತೆಗೆದುಕೊಳ್ಳುವ ರೀತಿಯನ್ನೂ ಒಮ್ಮೆ ಡಾಕ್ಟರ ಎದುರು ಮಾಡಿ ತೋರಿಸಿ. ಬಹಳ ಜನ ಮೊದಲು ಒತ್ತಿ, ಆಮೇಲೆ ಗಬಕ್ಕನೆ ಉಸಿರೆಳೆಯುತ್ತಾರೆ. ಔಷಧ ನಾಲಿಗೆ ಮತ್ತು ಗಂಟಲ ಹಿಂಬದಿಗೆ ಬಡಿದು ಅಲ್ಲೇ ಕೂರುತ್ತದೆ, ಬಾಯಿ ಕಹಿಯಾಗುತ್ತದೆ, ಎದೆಗೆ ಏನೂ ಹೋಗಿರುವುದಿಲ್ಲ. ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯಲು ಶುರುಮಾಡಿದ ಕ್ಷಣಕ್ಕೆ ಒತ್ತಬೇಕು, ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ಹಿಡಿಯಬೇಕು. ಈ ಹೊಂದಾಣಿಕೆ ಬಾರದಿದ್ದರೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಪಂಪಿಗೆ ಜೋಡಿಸಿಕೊಳ್ಳಿ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ ನೀರು ಉಗುಳಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಸು ಬರುತ್ತದೆ.

ಹೆಂಗಸರ ಹಾರ್ಮೋನಿನ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ, ಮತ್ತು ನಮ್ಮ ಹೊರರೋಗಿ ಕೋಣೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಸಣ್ಣ ವಯಸ್ಸಿನಲ್ಲಿ ಉಬ್ಬಸ ಗಂಡುಮಕ್ಕಳಲ್ಲೇ ಹೆಚ್ಚು. ಹುಡುಗಿಯರು ಮೈನೆರೆಯುವ ವಯಸ್ಸು ದಾಟಿದ ಮೇಲೆ ಲೆಕ್ಕ ತಿರುಗಿ ಹೆಂಗಸರಲ್ಲಿ ಹೆಚ್ಚಾಗುತ್ತದೆ, ಅವರಲ್ಲಿ ಅದು ತೀವ್ರವೂ ಆಗಿರುತ್ತದೆ. ಟೆಸ್ಟೋಸ್ಟಿರಾನ್ ಅಲರ್ಜಿಯ ಉರಿಯೂತ ಹುಟ್ಟಿಸುವ ಕೆಲವು ಕೋಶಗಳನ್ನು ಸುಮ್ಮನಿರಿಸುತ್ತದೆ, ಈಸ್ಟ್ರೋಜನ್ ಅದೇ ದಾರಿಯನ್ನು ಚುರುಕುಗೊಳಿಸುತ್ತದೆ ಎಂದು ಪ್ರಯೋಗಾಲಯದ ಕೆಲಸ ತೋರಿಸಿದೆ. ಪ್ರೊಜೆಸ್ಟರಾನ್, ಕಫವನ್ನು ಮೇಲಕ್ಕೆ ತಳ್ಳುವ ಶ್ವಾಸನಾಳದ ಸೂಕ್ಷ್ಮ ರೋಮಗಳ ಬಡಿತವನ್ನು ನಿಧಾನಗೊಳಿಸುತ್ತದೆ. ಮತ್ತೊಂದು ಕಡೆ ಮಿದುಳಿನ ಉಸಿರಾಟದ ಕೇಂದ್ರವನ್ನು ಎಚ್ಚರಿಸುತ್ತದೆ, ಬಸುರಿಯರ ಉಸಿರಾಟದ ಪ್ರಮಾಣ ಸುಮಾರು 40 ಪ್ರತಿಶತ ಹೆಚ್ಚುವುದು ಮುಖ್ಯವಾಗಿ ಇದರಿಂದಲೇ. ಬಸಿರಿನಲ್ಲಿ ಉಬ್ಬಸವುಳ್ಳವರ ಪೈಕಿ ಮೂರನೇ ಒಂದು ಪಾಲಿನವರಿಗೆ ಕಡಿಮೆಯಾಗುತ್ತದೆ, ಒಂದು ಪಾಲಿಗೆ ಹೆಚ್ಚಾಗುತ್ತದೆ, ಉಳಿದವರಿಗೆ ಇದ್ದಹಾಗೆಯೇ ಇರುತ್ತದೆ ಎಂಬುದು ವೈದ್ಯರಲ್ಲಿ ಹಳೆಯ ತಿಳಿವಳಿಕೆ.

ಮುಟ್ಟಿಗೆ ಮೊದಲಿನ ನಾಲ್ಕಾರು ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಒಟ್ಟಿಗೆ ಇಳಿಯುತ್ತವೆ. ಉಬ್ಬಸವಿರುವ ಹೆಂಗಸರಲ್ಲಿ ಐವರಿಗೆ ಒಬ್ಬರಿಂದ ಇಬ್ಬರಿಗೆ ಆ ದಿನಗಳಲ್ಲೇ ಹೆಚ್ಚಾಗುವುದನ್ನು ಬೇರೆ ಬೇರೆ ದೇಶಗಳ ಅಧ್ಯಯನಗಳು ದಾಖಲಿಸಿವೆ. ನಿಮಗೆ ಆಗುತ್ತಿರುವುದು ಮನಸ್ಸಿನ ಭ್ರಮೆಯೇನಲ್ಲ, ಅದಕ್ಕೆ ಮೈಯಲ್ಲೇ ಕಾರಣವಿದೆ. ಈಗ ಮುಟ್ಟು ನಿಲ್ಲುವ ಕಾಲ ಹತ್ತಿರವಾಗಿ ಹಾರ್ಮೋನು ತಿಂಗಳ ಲಯ ಬಿಟ್ಟು ಯಾವಾಗ ಬೇಕೆಂದರೆ ಆಗ ಏರಿಳಿಯುತ್ತಿರುವುದರಿಂದ, ಮೊದಲಿನಂತೆ ದಿನ ಎಣಿಸಿ ಎಚ್ಚರವಾಗುವುದೂ ನಿಮಗೆ ಕಷ್ಟವಾಗಿರಬೇಕು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ರಾತ್ರಿ ದಮ್ಮಿನಿಂದ ಎಚ್ಚರವಾದ ದಿನ, ಸಾಲ್ಬುಟಮಾಲ್ ಎಷ್ಟು ಸಲ ಬೇಕಾಯಿತು ಎಂಬುದು, ನೆಗಡಿ ಶುರುವಾದ ದಿನ, ಇಷ್ಟನ್ನು ಮೂರು ತಿಂಗಳು ಗುರುತು ಹಾಕಿ ಡಾಕ್ಟರಿಗೆ ತೋರಿಸಿ. ಅವರಿಗೆ ಯಾವ ದಿನಗಳಲ್ಲಿ ಪಂಪಿನ ಪ್ರಮಾಣ ಏರಿಸಬೇಕೆಂದು ನಿರ್ಧರಿಸಲು ರಕ್ತಪರೀಕ್ಷೆಗಿಂತ ಆ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನ್ ಚಿಕಿತ್ಸೆಯಿಂದ ಉಬ್ಬಸ ಹೆಚ್ಚಾಯಿತೆಂದು ಕೆಲವು ಅಧ್ಯಯನಗಳೂ ಕಡಿಮೆಯಾಯಿತೆಂದು ಕೆಲವು ಅಧ್ಯಯನಗಳೂ ಹೇಳುವುದರಿಂದ, ದಮ್ಮಿಗೆಂದು ಯಾರೂ ಅದನ್ನು ಕೊಡುವುದಿಲ್ಲ, ನೀವೂ ಕೇಳಬೇಡಿ.

ಅಲರ್ಜಿಯ ವಿಷಯದಲ್ಲಿ ತೊಂದರೆ ಕೊಡುವ ಈಸ್ಟ್ರೋಜನ್ ವೈರಸ್ಸಿನ ವಿಷಯದಲ್ಲಿ ಬೇರೆಯೇ ಮುಖ ತೋರಿಸುತ್ತದೆ. ಹೆಂಗಸರ ಮೂಗಿನ ಒಳಪದರದಿಂದ ತೆಗೆದ ಕೋಶಗಳಿಗೆ ಈಸ್ಟ್ರೋಜನ್ ಸೇರಿಸಿದಾಗ ಫ್ಲೂ ವೈರಸ್ಸಿನ ಬೆಳವಣಿಗೆ ತಗ್ಗಿತು, ಗಂಡಸರ ಕೋಶಗಳಲ್ಲಿ ತಗ್ಗಲಿಲ್ಲ. 2003ರಲ್ಲಿ ಹರಡಿದ ಮೊದಲ ಸಾರ್ಸ್ ವೈರಸ್ಸನ್ನು ಇಲಿಗಳಿಗೆ ತಗಲಿಸಿದಾಗ ಗಂಡಿಲಿಗಳೇ ಹೆಚ್ಚು ಸತ್ತವು; ಹೆಣ್ಣಿಲಿಗಳ ಅಂಡಾಶಯ ತೆಗೆದಾಗ ಅಥವಾ ಈಸ್ಟ್ರೋಜನ್ನಿನ ಕೆಲಸ ತಡೆದಾಗ ಅವೂ ಸಾಯತೊಡಗಿದವು. 2017ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದ ಅಯೋವಾ ವಿಶ್ವವಿದ್ಯಾಲಯದ ತಂಡದ ಮೊದಲ ಹೆಸರು ರುದ್ರಗೌಡ ಚನ್ನಪ್ಪನವರ, ಈ ಭಾಗದ ಓದುಗರಿಗೆ ತೀರ ಪರಿಚಿತವೆನಿಸುವ ಹೆಸರು. ಫ್ಲೂ ತಗಲಿದ ಹೆಣ್ಣಿಲಿಗಳಲ್ಲಿ ಪ್ರೊಜೆಸ್ಟರಾನ್ ಗಾಯಗೊಂಡ ಶ್ವಾಸಕೋಶದ ದುರಸ್ತಿಯನ್ನು ಚುರುಕುಗೊಳಿಸಿದ್ದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಲಸಿಕೆಗೆ ಹೆಂಗಸರ ದೇಹ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು ಪ್ರತಿಕಾಯ ತಯಾರಿಸುತ್ತದೆ. ಆದರೆ ಬಸುರಿಯರಿಗೆ ಫ್ಲೂ ತೀವ್ರವಾಗುತ್ತದೆ ಎಂಬುದು 1918ರಲ್ಲೂ 2009ರಲ್ಲೂ ಕಂಡ ಸತ್ಯ. ಹಾರ್ಮೋನು ಹೆಚ್ಚಿದ್ದರೆ ರಕ್ಷಣೆಯೂ ಹೆಚ್ಚು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೊರೊನಾದಲ್ಲಿ ಗಂಡಸರು ಹೆಚ್ಚು ಸತ್ತದ್ದಕ್ಕೂ ಹಾರ್ಮೋನಿನ ಕಾರಣ ಹುಡುಕಿದರು. ವೈರಸ್ಸು ಕೋಶದೊಳಗೆ ನುಸುಳಲು ನೆರವಾಗುವ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವವನ್ನು ಪ್ರಾಸ್ಟೇಟ್ ಗ್ರಂಥಿಯಲ್ಲಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಹಾಗಿದ್ದರೆ ಆ ಹಾರ್ಮೋನನ್ನು ತಡೆದರೆ ರೋಗ ತಗ್ಗಬೇಕಲ್ಲ ಎಂದು ಪ್ರಾಸ್ಟೇಟ್ ಕ್ಯಾನ್ಸರಿನ ಔಷಧಗಳಾದ ಎಂಜಾಲುಟಮೈಡ್ ಮತ್ತು ಡೆಗಾರೆಲಿಕ್ಸ್ ಕೊಟ್ಟು ನೋಡಿದರು, ಉಪಯೋಗವಾಗಲಿಲ್ಲ. ವಿಟಮಿನ್ ಡಿ ರಚನೆಯಲ್ಲಿ ಸ್ಟೆರಾಯ್ಡಿಗೆ ಹತ್ತಿರದ ವಸ್ತುವೇ, ಆದರೆ ಬ್ರೆಜಿಲ್‌ನಲ್ಲಿ ಕೊರೊನಾ ರೋಗಿಗಳಿಗೆ ಒಮ್ಮೆಲೇ 2 ಲಕ್ಷ ಯೂನಿಟ್ ಕೊಟ್ಟರೂ ಅವರು ಬೇಗ ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ಕೊರತೆ ಇದ್ದವರು ತುಂಬಿಸಿಕೊಂಡರೆ ಸಾಕು.

ಇನ್ನು ಆ ಸಣ್ಣ ಬಿಳಿ ಗುಳಿಗೆ. ನಮ್ಮ ಕಡೆ ಹೆಚ್ಚಾಗಿ ಅದು ಬೀಟಾಮೆಥಸೋನ್ ಅಥವಾ ಡೆಕ್ಸಾಮೆಥಸೋನ್ ಆಗಿರುತ್ತದೆ, ಅರ್ಧ ಮಿಲಿಗ್ರಾಮಿನದು. ನೋಡಲು ಚಿಕ್ಕದಾದರೂ ಒಂದೊಂದೂ ಮೂರು ನಾಲ್ಕು ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. ದಮ್ಮಿಗೆಂದು ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲೂ ಇವನ್ನೇ ಅರೆದು ಬೆರೆಸಿರುವುದುಂಟು. ಎಷ್ಟೋ ವರ್ಷದ ದಮ್ಮು ಒಂದೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಮೊದಲು ಅನುಮಾನ ಪಡಬೇಕು. ದಮ್ಮು ನಿಜಕ್ಕೂ ಜೋರಾದಾಗ ಡಾಕ್ಟರು ಐದರಿಂದ ಏಳು ದಿನ ಪ್ರೆಡ್ನಿಸೊಲೋನ್ ಬರೆದರೆ ಹೆದರದೆ ತೆಗೆದುಕೊಳ್ಳಿ, ಅದು ಜೀವರಕ್ಷಕ. ಪ್ರತಿ ನೆಗಡಿಗೂ ನಾಲ್ಕು ದಿನ ನುಂಗುತ್ತ ಹೋದರೆ ವರ್ಷದ ಕೊನೆಗೆ ಅದು ದೊಡ್ಡ ಮೊತ್ತವಾಗುತ್ತದೆ. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮೈಯಲ್ಲಿ ಸುಮ್ಮನೆ ಮಲಗಿದ್ದ ಕ್ಷಯ ಎದ್ದು ಕೂರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ತಾನಾಗಿಯೇ ಸವೆಯಲು ಶುರುವಾಗುವುದರಿಂದ ನಿಮಗೆ ಇದು ಎರಡು ಪಟ್ಟು ಹಾನಿ.

ಒಮ್ಮೆಲೇ ನಿಲ್ಲಿಸಬೇಡಿ ಎಂದದ್ದಕ್ಕೆ ಕಾರಣ ಇದು: ಹೊರಗಿನಿಂದ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೆರಾಯ್ಡ್ ಬಂದರೆ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ, ಅದು ಮತ್ತೆ ಕೆಲಸಕ್ಕೆ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಪದೇ ಪದೇ ತೆಗೆದುಕೊಂಡ ಸಣ್ಣ ಸಣ್ಣ ಕೋರ್ಸುಗಳೂ ಇದೇ ಪರಿಣಾಮ ಕೊಡಬಹುದು. ಗುಳಿಗೆ ಬಿಟ್ಟ ಮೇಲೆ ವಿಪರೀತ ಸುಸ್ತು, ಎದ್ದು ನಿಂತರೆ ತಲೆ ತಿರುಗುವುದು, ವಾಂತಿ, ತೂಕ ಇಳಿಯುವುದು ಕಂಡರೆ ಬೆಳಗಿನ ಎಂಟು ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಕು. ಮೈಯಲ್ಲಿ ಕಾರ್ಟಿಸಾಲ್ ಅತಿ ಹೆಚ್ಚಿರಬೇಕಾದ ಹೊತ್ತು ಅದು, ಆದ್ದರಿಂದ ಕೊರತೆ ಇದ್ದರೆ ಆಗಲೇ ಗೊತ್ತಾಗುತ್ತದೆ. ಹಾವೇರಿಯಲ್ಲಿ ಆಗದಿದ್ದರೆ ಹುಬ್ಬಳ್ಳಿಯಲ್ಲಿ ಆಗುತ್ತದೆ. ಯಾವ ಕಾರಣಕ್ಕೆ ಆಸ್ಪತ್ರೆಗೆ ಹೋದರೂ, ಹಲ್ಲು ಕೀಳಿಸಲು ಹೋದರೂ, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಈ ಗುಳಿಗೆ ತೆಗೆದುಕೊಂಡಿದ್ದೀರೆಂದು ಮೊದಲೇ ಹೇಳಿ.

ಕೆಲಸದ ಜಾಗದ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ; ಆದರೂ ರಾಶಿಯ ಮುಂದೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುವಾಗ ಏಳುವ ಕೆಂಪು ಧೂಳಿನಲ್ಲಿ ಘಾಟಷ್ಟೇ ಅಲ್ಲ, ಒಣಸಿಪ್ಪೆಯ ಚೂರು, ಮಣ್ಣು, ಬೂಸಿನ ಕಣ ಎಲ್ಲವೂ ಇರುತ್ತದೆ. ಸೆರಗನ್ನು ಮೂಗಿಗೆ ಸುತ್ತಿಕೊಂಡರೆ ಸೀನು ನಿಲ್ಲಬಹುದು, ಸೂಕ್ಷ್ಮ ಧೂಳು ನಿಲ್ಲುವುದಿಲ್ಲ; ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಮಾರುಕಟ್ಟೆಗೆ ಕಾಯಿ ಹೊಳೆಯಂತೆ ಬರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳೇ ನಮ್ಮ ದೇಶದಲ್ಲಿ ಫ್ಲೂ ಏರುವ ಎರಡು ಕಾಲಗಳಲ್ಲಿ ಒಂದು. ಆದ್ದರಿಂದ ಸೀಸನ್ ಶುರುವಾಗುವ ಒಂದು ತಿಂಗಳ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಮತ್ತು ಆ ತಿಂಗಳುಗಳಲ್ಲಿ ಒಂದು ದಿನವೂ ಪಂಪು ತಪ್ಪಿಸಬೇಡಿ. ಕೆಮ್ಮು ಎರಡು ವಾರ ದಾಟಿದರೆ ದಮ್ಮಿನ ಮೇಲೆ ಹಾಕಿ ಸುಮ್ಮನಿರದೆ ಕ್ಷಯವಿದೆಯೇ ಎಂದು ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.

ನೆಗಡಿ ಬಂದ ದಿನ ಸ್ಟೆರಾಯ್ಡ್ ಪಂಪನ್ನು ಎಂದಿನಂತೆ ಮುಂದುವರಿಸಿ. ಪ್ರಮಾಣ ಏರಿಸಬೇಕೇ ಎಂಬುದನ್ನು ಡಾಕ್ಟರಿಂದ ಮೊದಲೇ ಬರೆಸಿಟ್ಟುಕೊಂಡಿರಿ. ದಮ್ಮು ಜೋರಾದರೆ ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್ ತೆಗೆದುಕೊಂಡು, ಇಪ್ಪತ್ತು ನಿಮಿಷ ಬಿಟ್ಟು ಅಗತ್ಯವಿದ್ದರೆ ಮತ್ತೆ ತೆಗೆದುಕೊಳ್ಳಿ. ಒಂದು ಗಂಟೆಯಲ್ಲಿ ಹಗುರಾಗದಿದ್ದರೆ ಕಾಯುವುದು ಬೇಡ. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಬೆರಳಿನ ಆಕ್ಸಿಮೀಟರ್ 92ಕ್ಕಿಂತ ಕಡಿಮೆ ತೋರಿಸಿದರೆ ಒಂದು ಗಂಟೆಯನ್ನೂ ನೋಡದೆ 108ಕ್ಕೆ ಕರೆ ಮಾಡಿ, ಪಂಪನ್ನೂ ನೀವು ಗುರುತು ಹಾಕಿದ ಕ್ಯಾಲೆಂಡರ್ ಹಾಳೆಯನ್ನೂ ಜೊತೆಗೇ ತೆಗೆದುಕೊಂಡು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೊರಡಿ.